ಕಥೊಲಿಕ ಮನೆಯ ನಿತ್ಯಾಚರಣೆಗಳು

(ಶಾಲಾ ಸಂಘದ ವಾರ್ಷಿಕ ಕೂಟದಲ್ಲಿ ವಿದ್ಯಾರ್ಥಿಗಳನ್ನೂ ಹೆತ್ತವರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಕಥೊಲಿಕನಾದವನು ತನ್ನ ವಿಶ್ವಾಸವನ್ನು ದಿನದಿನವೂ ಬಲಪಡಿಸಿಕೊಳ್ಳುವ ಬಗೆ ಹೇಗೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿಕೊಂಡಾಗ ನಾನು ಕೂಡಲೇ ಒಪ್ಪಲಿಲ್ಲ. ನಾನು ಧರ್ಮಗುರುವಲ್ಲ, ದೇವಶಾಸ್ತ್ರವನ್ನು ಕಲಿತವನೂ ಅಲ್ಲ. ಅಡಿಕೆಯ ತೋಟ ನೋಡಿಕೊಂಡು, ಭಾನುವಾರಗಳಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳಿಕೊಂಡು ಮುದುಕನಾದವನು. ಆದರೂ ಇಲ್ಲಿ ನಿಂತಿರುವುದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ವರ್ಷ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗ ಒಂದು ಕಾಲದಲ್ಲಿ ನನ್ನಲ್ಲಿಯೇ ಪಾಠ ಕೇಳಿದವನು. ಈಗ ಕೊಲ್ಲಿಯ ನಾಡಿನಲ್ಲಿ ಉದ್ಯೋಗದಲ್ಲಿದ್ದಾನೆ. "ಮಾಸ್ತರೇ, ಅವನಿಗೆ ಎಲ್ಲಾ ಮಂತ್ರಗಳೂ ಬಾಯಿಗೆ ಬರುತ್ತಿದ್ದವು, ಬಹುಮಾನವೂ ಸಿಕ್ಕಿತ್ತು. ಈಗ ಮೂರು ವರ್ಷದಿಂದ ಪೂಜೆಗೆ ಹೋಗಿಲ್ಲವಂತೆ. ನಾವೆಲ್ಲಿ ತಪ್ಪಿದೆವು?" ಎಂದು ಕೇಳಿದರು. ನಾನು ಏನೋ ಸಮಾಧಾನದ ಮಾತು ಹೇಳಿ ಮನೆಗೆ ಬಂದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಂದಿನ ಮಾತು ಆ ತಾಯಿಗೆ ಅಂದು ನಾನು ಕೊಡಲಾರದೆ ಹೋದ ಉತ್ತರವೆಂದು ತಾವು ತಿಳಿಯಬಹುದು.

ಈ ಸಭೆಯಲ್ಲಿ ಬೇರೆ ಧರ್ಮಗಳನ್ನು ಅನುಸರಿಸುವ ಹೆತ್ತವರೂ ಮಕ್ಕಳೂ ಇದ್ದಾರೆ. ನಾನು ನಮ್ಮ ಮನೆಯ ಮಾತನ್ನು ಆಡುತ್ತೇನೆ. ಸಂಜೆಯ ದೀಪ ಹಚ್ಚುವ ಮನೆಗೂ, ಐದು ಹೊತ್ತು ನಮಾಜು ಮಾಡುವ ಮನೆಗೂ ಅದರಲ್ಲಿ ಪರಿಚಯದ ಸಂಗತಿಗಳು ಕಾಣಿಸಿಯಾವು.

ನಮ್ಮ ಕಾಸರಗೋಡು ಸೀಮೆಯ ಸುರಂಗಗಳನ್ನು ನೀವೆಲ್ಲರೂ ಬಲ್ಲಿರಿ. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ನುಗ್ಗುವಷ್ಟು ದಾರಿ ಮಾಡಿ, ದೀಪ ಹಿಡಿದುಕೊಂಡು ಒಳಗೊಳಗೆ ಅಗೆಯುತ್ತ ಹೋಗುತ್ತಾರೆ. ನೀರಿನ ಸೆಲೆ ಸಿಕ್ಕಿದಾಗ ಅದು ಗೋಡೆಯಿಂದ ಹನಿಹನಿಯಾಗಿ ಒಸರಿ, ಸಣ್ಣ ಕಾಲುವೆಯಾಗಿ, ಯಾವ ಯಂತ್ರದ ನೆರವೂ ಇಲ್ಲದೆ ಹೊರಗಿನ ತೊಟ್ಟಿಗೆ ಬಂದು ಬೀಳುತ್ತದೆ. ಬೇಸಗೆಯಲ್ಲಿ ತೋಟವನ್ನು ಉಳಿಸುವುದು ಆ ಹನಿಗಳೇ. ಆದರೆ ಸುರಂಗವನ್ನು ಕೊರೆದು ಬಿಟ್ಟರೆ ಸಾಲದು. ಒಳಗೆ ಮಣ್ಣು ಕುಸಿಯುತ್ತದೆ, ಹೂಳು ತುಂಬುತ್ತದೆ. ಆಗಾಗ ಒಳಹೊಕ್ಕು ಹೂಳೆತ್ತದಿದ್ದರೆ ನೀರು ಗುಡ್ಡದೊಳಗೇ ಇದ್ದರೂ ತೊಟ್ಟಿಗೆ ಬಾರದು. ಸ್ನಾನದೀಕ್ಷೆಯಲ್ಲಿ ನಮಗೆ ದೊರೆತ ವಿಶ್ವಾಸವೂ ಇದೇ ಬಗೆಯದು. ಕೊಟ್ಟವನು ದೇವರು, ಹೂಳೆತ್ತುವ ಕೆಲಸ ಮಾತ್ರ ನಮ್ಮದು. ನಿತ್ಯಾಚರಣೆಗಳೆಂದರೆ ಇಷ್ಟೇ.

ಇಂತಹ ಸಣ್ಣ ಆಚರಣೆಗಳಿಂದ ವಿಶ್ವಾಸವು ನಿಜವಾಗಿಯೂ ಉಳಿಯುತ್ತದೆಯೇ ಎಂದು ಕೇಳುವವರಿಗೆ ಚರಿತ್ರೆಯ ಒಂದು ದೃಷ್ಟಾಂತವನ್ನು ಹೇಳುತ್ತೇನೆ. ಸಂತ ಜೋಸೆಫ್ ವಾಜ್‌ರವರು 1651ರಲ್ಲಿ ಗೋವೆಯ ಬೆನಾವ್ಲಿಯಲ್ಲಿ ಜನಿಸಿದ ಕೊಂಕಣಿ ಮಾತೃಭಾಷೆಯ ಗುರುಗಳು. 1681ರಿಂದ 1684ರ ವರೆಗೆ ಅವರು ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದರು. ನಮ್ಮ ಗಡಿಯ ಆಚೆಯಲ್ಲೇ ಇರುವ ಮುಡಿಪು ಗುಡ್ಡದ ಪುಣ್ಯಕ್ಷೇತ್ರವು ಅವರ ಹೆಸರಿನದೇ. ನಿಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿ ಬಂದಿರುವಿರಿ. ಆ ಕಾಲಕ್ಕೆ ಸಿಂಹಳ ದ್ವೀಪದ ಕರಾವಳಿಯು ಡಚ್ಚರ ಆಳ್ವಿಕೆಯಲ್ಲಿತ್ತು. 1658ರಲ್ಲಿ ಯಾಳ್ಪಾಣವು ಅವರ ವಶವಾದ ಬಳಿಕ ಅಲ್ಲಿ ಕಥೊಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ, ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಹೀಗೆ ಸುಮಾರು 30 ವರ್ಷಗಳು ಕಳೆದವು. 1687ರಲ್ಲಿ ವಾಜ್‌ರವರು ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ಹೋದರು. ಹೋದರೇನೋ ಸರಿ, ಯಾರು ಕಥೊಲಿಕರು, ಯಾರು ಅಲ್ಲ ಎಂಬುದನ್ನು ತಿಳಿಯುವ ಬಗೆ ಹೇಗೆ? ಬಾಯಿಬಿಟ್ಟು ಕೇಳಿದರೆ ಸೆರೆಮನೆ. ಅವರು ಕೊರಳಿಗೆ ಒಂದು ಜಪಸರವನ್ನು ಹಾಕಿಕೊಂಡು ಭಿಕ್ಷುಕರಂತೆ ಮನೆಮನೆಯ ಬಾಗಿಲಿಗೆ ಹೋದರು. ಭಿಕ್ಷೆ ನೀಡಲು ಬಂದವರಲ್ಲಿ ಯಾರ ಕಣ್ಣು ಆ ಸರದ ಮೇಲೆ ನೆಟ್ಟಿತೋ ಅವರೇ ತಮ್ಮವರೆಂದು ತಿಳಿದುಕೊಂಡರು.

ಮಕ್ಕಳೇ, ಇದರ ಅರ್ಥವನ್ನು ಯೋಚಿಸಿ ನೋಡಿರಿ. ಆ ಮೂವತ್ತು ವರ್ಷಗಳಲ್ಲಿ ಹುಟ್ಟಿ ಬೆಳೆದ ತರುಣರಲ್ಲಿ ಗುರುವಿನ ಮುಖವನ್ನೇ ಕಾಣದಿದ್ದವರೆಷ್ಟೋ ಮಂದಿ. ಆದರೂ ಜಪಸರವೇನೆಂಬುದು ಅವರಿಗೆ ತಿಳಿದಿತ್ತು, ಏಕೆಂದರೆ ಅವರ ಮನೆಯಲ್ಲಿ ಯಾರೋ ಒಬ್ಬ ಅಜ್ಜಿ ಸಂಜೆಯ ಹೊತ್ತು ಬಾಗಿಲು ಹಾಕಿಕೊಂಡು ಮೆಲುದನಿಯಲ್ಲಿ ಅದನ್ನು ಎಣಿಸುತ್ತಿದ್ದಳು. ವಾಜ್‌ರವರು ತಮಿಳನ್ನೂ ಸಿಂಹಳವನ್ನೂ ಕಲಿತು, ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ರೋಗಿಗಳ ಶುಶ್ರೂಷೆ ಮಾಡಿ, 1711ರಲ್ಲಿ ಅಲ್ಲಿಯೇ ದೈವಾಧೀನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರಿಗೆ ಸಂತ ಪದವಿಯನ್ನಿತ್ತರು. ಆ ಅಜ್ಜಿಯಂದಿರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಆದರೆ ಅವರು ಉಳಿಸಿದ ಕಿಡಿಯನ್ನೇ ಸಂತರು ಊದಿ ದೀಪ ಮಾಡಿದರು.

ಇನ್ನು ಆಚರಣೆಗಳ ಮಾತಿಗೆ ಬರೋಣ. ಒಂದು ದಿನವನ್ನು ಬೆಳಗಿನಿಂದ ರಾತ್ರಿಯ ವರೆಗೆ ನಡೆದು ನೋಡಿದರೆ ಸಾಕು.

ಮೊದಲನೆಯದು, ಬೆಳಗಿನ ಅರ್ಪಣೆ. ಕಣ್ಣು ತೆರೆದೊಡನೆ ಕೈಯು ಮೊಬೈಲಿಗೆ ಹೋಗುವ ಮೊದಲು ಹಣೆಗೆ ಹೋಗಲಿ. ಶಿಲುಬೆಯ ಗುರುತನ್ನು ಅವಸರವಿಲ್ಲದೆ ಹಾಕಿ, ಈ ದಿನದ ಪಾಠ, ಆಟ, ದಣಿವು, ಸಂತೋಷ ಎಲ್ಲವೂ ನಿನ್ನದೆಂದು ದೇವರಿಗೆ ಒಪ್ಪಿಸುವುದಕ್ಕೆ ಒಂದು ನಿಮಿಷ ಸಾಕು. ಹಾಗೆ ಒಪ್ಪಿಸಿದ ದಿನದಲ್ಲಿ ಮಾಡುವ ಕೆಲಸವನ್ನು ಕೆಡಿಸಲು ಮನಸ್ಸು ಹಿಂಜರಿಯುತ್ತದೆ. ದೇವರಿಗೆ ಕೊಡುವ ಹೂವನ್ನು ಯಾರಾದರೂ ಬಾಡಿದ್ದನ್ನು ಆರಿಸುತ್ತಾರೆಯೇ?

ಎರಡನೆಯದು, ತ್ರಿಕಾಲ ಪ್ರಾರ್ಥನೆ. ಬೆಳಗ್ಗೆ, ನಡುಹಗಲು, ಸಂಜೆ, ಹೀಗೆ ಮೂರು ಹೊತ್ತು ಇಗರ್ಜಿಯ ಗಂಟೆ ಬಾರಿಸುವುದು ಏಕೆಂದು ಎಷ್ಟು ಮಕ್ಕಳಿಗೆ ಗೊತ್ತಿದೆ? ದೇವದೂತನು ಮರಿಯಮ್ಮನವರಿಗೆ ಸಂದೇಶ ತಂದುದನ್ನು ನೆನೆದು, ಕೈಯಲ್ಲಿದ್ದ ಕೆಲಸವನ್ನು ಕ್ಷಣಕಾಲ ನಿಲ್ಲಿಸಬೇಕೆಂಬುದು ಆ ಗಂಟೆಯ ಕರೆ. ನಮ್ಮ ಹಿರಿಯರು ಗದ್ದೆಯಲ್ಲಿ ಮುಟ್ಟಾಳೆಯನ್ನು ತಲೆಯಿಂದ ತೆಗೆದು ನಿಂತು ಪ್ರಾರ್ಥಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊಟದ ಮೊದಲಿನ ಪ್ರಾರ್ಥನೆಯನ್ನೂ ಇದರೊಡನೆ ಸೇರಿಸಿಕೊಳ್ಳಬಹುದು. ಗಂಜಿಯನ್ನು ಬಡಿಸಿದ ತಾಯಿಗೆ ಕೃತಜ್ಞತೆ ಸಲ್ಲಿಸಲರಿಯದ ಮಗನು ಅಕ್ಕಿಯನ್ನು ಕೊಟ್ಟ ದೇವರಿಗೆ ಸಲ್ಲಿಸಲಾರನು. ಆದ್ದರಿಂದ ಎರಡನ್ನೂ ಒಟ್ಟಿಗೆ ಕಲಿಯುವುದು ಲೇಸು.

ಮೂರನೆಯದು, ಚಿಕ್ಕ ಕೆಲಸಗಳನ್ನು ಪ್ರೀತಿಯಿಂದ ಮಾಡುವುದು. ಫ್ರಾನ್ಸಿನ ಲಿಸ್ಯೂ ಪಟ್ಟಣದ ಸಂತ ತೆರೇಸಮ್ಮನವರು 15 ವರ್ಷದವರಿದ್ದಾಗ ಮಠವನ್ನು ಸೇರಿ, 1897ರಲ್ಲಿ 24ನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಮಠದ ಗೋಡೆಯಿಂದಾಚೆಗೆ ಅವರು ಯಾವ ದೊಡ್ಡ ಕಾರ್ಯವನ್ನೂ ಮಾಡಿದವರಲ್ಲ. ಬಟ್ಟೆ ಒಗೆಯುವಾಗ ಎದುರಿಗಿದ್ದ ಸಹೋದರಿಯು ಪ್ರತಿಸಲವೂ ಅವರ ಮುಖಕ್ಕೆ ಕೊಳೆನೀರು ಸಿಡಿಸುತ್ತಿದ್ದಳಂತೆ. ಮುಖ ಒರೆಸಿಕೊಂಡು ಹಿಂದೆ ಸರಿಯಬೇಕೆಂದು ಅವರಿಗೂ ಅನ್ನಿಸಿತು. ಆದರೆ ಅದನ್ನೊಂದು ಕಾಣಿಕೆಯಾಗಿ ಸ್ವೀಕರಿಸಿ ಸುಮ್ಮನೆ ನಿಂತರು. ಇಂತಹವನ್ನು ಬರೆದಿಟ್ಟ ಆ ತರುಣಿಯನ್ನು ಧರ್ಮಸಭೆಯು 1925ರಲ್ಲಿ ಸಂತಳೆಂದೂ, 1997ರಲ್ಲಿ ಧರ್ಮಸಭೆಯ ಪಂಡಿತಳೆಂದೂ ಸಾರಿತು. ಬೆಂಚಿನಲ್ಲಿ ಪಕ್ಕದವನ ಮೊಣಕೈ ತಾಗಿದರೆ ಜಗಳ ತೆಗೆಯುವ ಬಾಲಕರು ಈ ಕತೆಯನ್ನು ನೆನಪಿಟ್ಟುಕೊಳ್ಳಬೇಕು.

ನಾಲ್ಕನೆಯದು, ಸಂಜೆಯ ಜಪಸರ. ನಮ್ಮ ಮನೆಮಾತಿನಲ್ಲಿ ತೆರ್ಸ್. ಐದು ಹತ್ತರ ಈ ಪ್ರಾರ್ಥನೆಯಲ್ಲಿ 53 ಬಾರಿ ನಮೋ ಮರಿಯ ಮಂತ್ರ ಬರುತ್ತದೆ. ಒಂದೇ ಮಂತ್ರವನ್ನು ಅಷ್ಟು ಸಲ ಏಕೆ ಹೇಳಬೇಕೆಂದು ಮಕ್ಕಳು ಕೇಳುವುದುಂಟು. ತುಟಿಯು ಮಂತ್ರವನ್ನು ಹೇಳುತ್ತಿರುವಾಗ ಮನಸ್ಸು ಯೇಸುವಿನ ಜೀವನದ ಒಂದೊಂದು ಘಟನೆಯನ್ನು ಧ್ಯಾನಿಸಬೇಕು. ಮಂತ್ರವು ಜೋಗುಳದಂತೆ, ಘಟನೆಯು ಮಗುವಿನಂತೆ. ಸೋಮವಾರ ಶನಿವಾರಗಳಂದು ಸಂತೋಷದ ರಹಸ್ಯಗಳು, ಮಂಗಳವಾರ ಶುಕ್ರವಾರಗಳಂದು ದುಃಖದವು, ಬುಧವಾರ ಭಾನುವಾರಗಳಂದು ಮಹಿಮೆಯವು. ಪೋಪ್ ಎರಡನೆಯ ಜಾನ್ ಪೌಲರು 2002ರಲ್ಲಿ ಬೆಳಕಿನ ರಹಸ್ಯಗಳನ್ನು ಸೇರಿಸಿ, ಅವನ್ನು ಗುರುವಾರಕ್ಕೆ ಸೂಚಿಸಿದರು. ಎಲ್ಲವನ್ನೂ ಹೇಳಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಆ ಇಪ್ಪತ್ತು ನಿಮಿಷ ಮೊಬೈಲುಗಳೆಲ್ಲವನ್ನೂ ಒಂದು ಬುಟ್ಟಿಯಲ್ಲಿ ಹಾಕಿ ಒಳಕೋಣೆಯಲ್ಲಿಡಿರಿ. ತಂದೆಯ ಮೊಬೈಲು ಮೊದಲು ಬುಟ್ಟಿಗೆ ಬೀಳಲಿ. ಕೊನೆಯಲ್ಲಿ ಚಿಕ್ಕವರು ಹಿರಿಯರ ಆಶೀರ್ವಾದವನ್ನು ಬೇಡುವ ನಮ್ಮ ಪದ್ಧತಿಯನ್ನು ಬಿಡಬಾರದು. ದಿನವೆಲ್ಲಾ ಮುನಿಸಿಕೊಂಡಿದ್ದ ಮಗನೂ ಆ ಹೊತ್ತಿನಲ್ಲಿ ತಂದೆಯ ಮುಂದೆ ತಲೆಬಾಗಬೇಕಾಗುತ್ತದೆ, ತಂದೆಯೂ ಆ ತಲೆಯ ಮೇಲೆ ಕೈಯಿಡಬೇಕಾಗುತ್ತದೆ.

ಐದನೆಯದು, ಮಲಗುವ ಮೊದಲಿನ ಆತ್ಮಶೋಧನೆ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಕಾಲಿಗೆ ಗುಂಡು ತಗಲಿ ಹಾಸಿಗೆ ಹಿಡಿದ ಸೈನಿಕನೊಬ್ಬನು ಸಂತ ಚರಿತ್ರೆಗಳನ್ನು ಓದಿ ಬದಲಾದನು. ಆತನೇ ಲೊಯೋಲದ ಸಂತ ಇಗ್ನೇಷಿಯಸ್. ಅವರು ಕಲಿಸಿದ ಕ್ರಮದಲ್ಲಿ ಐದು ಮೆಟ್ಟಿಲುಗಳಿವೆ: ದಿನದ ಉಪಕಾರಗಳಿಗಾಗಿ ದೇವರಿಗೆ ವಂದಿಸುವುದು, ತನ್ನನ್ನು ತಾನು ಕಾಣಲು ಬೆಳಕನ್ನು ಬೇಡುವುದು, ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಗೆ ಸಂಕಲ್ಪ ಮಾಡುವುದು. ಅಂಗಡಿಯವನು ರಾತ್ರಿ ಬಾಗಿಲು ಹಾಕುವ ಮೊದಲು ಲೆಕ್ಕ ಬರೆಯುವುದಿಲ್ಲವೆ? ಲೆಕ್ಕವನ್ನು ಬಂದ ಹಣದಿಂದ ಪ್ರಾರಂಭಿಸಬೇಕೆಂಬುದನ್ನು ಮಾತ್ರ ಮರೆಯಬಾರದು. ತಪ್ಪುಗಳನ್ನಷ್ಟೇ ಎಣಿಸುವವನು ಬೇಗನೆ ಎದೆಗುಂದುತ್ತಾನೆ. ಹೀಗೆ ದಿನವೂ ಶೋಧಿಸುವವನಿಗೆ ಪಾಪನಿವೇದನೆಯು ಭಯದ ಸಂಗತಿಯಾಗಿ ಉಳಿಯುವುದಿಲ್ಲ.

ಇವೆಲ್ಲವೂ ತೊರೆಗಳಾದರೆ, ಭಾನುವಾರದ ಬಲಿಪೂಜೆಯು ಅವು ಹೊರಡುವ ಮೂಲವೂ ಹೌದು, ಸೇರುವ ಕಡಲೂ ಹೌದು. ಶನಿವಾರ ರಾತ್ರಿ ಮರುದಿನದ ಶುಭಸಂದೇಶದ ಭಾಗವನ್ನು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ, ಪೂಜೆಯಲ್ಲಿ ಅದು ಪರಿಚಿತರ ದನಿಯಂತೆ ಕೇಳಿಸುತ್ತದೆ. ಈಗಿನ ವಾಚನಕ್ರಮವು ಮೂರು ವರ್ಷಗಳ ಆವರ್ತನೆಯದು. ಮೂರು ವರ್ಷ ಬಿಡದೆ ಓದಿದ ಮನೆಯು ನಾಲ್ಕು ಶುಭಸಂದೇಶಗಳ ಮುಖ್ಯ ಭಾಗಗಳೆಲ್ಲವನ್ನೂ ಕೇಳಿದಂತಾಗುತ್ತದೆ. ಶುಕ್ರವಾರ ಮಾಂಸವನ್ನು ತ್ಯಜಿಸುವ ನಿಯಮವೂ 14 ವರ್ಷ ತುಂಬಿದವರಿಗೆ ಇದೆ. ಮಾಂಸವನ್ನು ಬಿಟ್ಟು ಬೆಲೆಬಾಳುವ ಅಂಜಲ್ ಮೀನನ್ನು ತಂದು ಹಬ್ಬ ಮಾಡಿದರೆ ಆ ತ್ಯಾಗಕ್ಕೆ ಅರ್ಥವಿಲ್ಲ. ಉಳಿದ ಹಣವು ಹಸಿದವನ ಮನೆಗೆ ಹೋಗಬೇಕು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಒಝನಾಂ ಎಂಬ 20 ವರ್ಷದ ವಿದ್ಯಾರ್ಥಿಯು ಕೆಲವು ಗೆಳೆಯರೊಡನೆ ಬಡವರ ಮನೆಗಳಿಗೆ ಹೋಗಿ ನೆರವಾಗಲು ತೊಡಗಿದನು. ಇಂದು ಎಷ್ಟೋ ದೇಶಗಳಲ್ಲಿರುವ ಸಂತ ವಿನ್ಸೆಂಟ್ ಪೌಲ್ ಸಭೆಯು ಹುಟ್ಟಿದ್ದು ಹಾಗೆ. ಅದನ್ನು ಹುಟ್ಟಿಸಿದವರು ವಿದ್ಯಾರ್ಥಿಗಳು ಎಂಬುದು ನಿಮ್ಮ ಗಮನದಲ್ಲಿರಲಿ.

ಇಷ್ಟನ್ನು ಹೇಳಿ ಕುಳಿತುಕೊಂಡರೆ ನಾನು ಸತ್ಯದ ಅರ್ಧವನ್ನು ಮಾತ್ರ ಹೇಳಿದಂತಾಗುವುದು. ಉಳಿದರ್ಧವು ನನ್ನ ಅವಮಾನದ ಕತೆ.

ನಮ್ಮ ತಂದೆಯವರು ತೀರಿಕೊಂಡ ಮೇಲೆ ತೋಟವು ನನಗೂ ನನ್ನ ಅಣ್ಣನಿಗೂ ಪಾಲಾಯಿತು. ಸುರಂಗವು ಅಣ್ಣನ ಪಾಲಿನ ಗುಡ್ಡದಲ್ಲಿತ್ತು. ನೀರು ಇಬ್ಬರಿಗೂ ಸೇರಿದ್ದು. ಒಂದು ಬೇಸಗೆಯಲ್ಲಿ ನೀರಿನ ಸರದಿಯ ಬಗ್ಗೆ ಮಾತಿಗೆ ಮಾತು ಬೆಳೆದು, ಆಡಬಾರದ್ದನ್ನು ನಾನು ಆಡಿದೆ. ಅಂದಿನಿಂದ ಏಳು ವರ್ಷ ನಾವು ಮಾತನಾಡಲಿಲ್ಲ. ಆ ಏಳು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಜಪಸರ ಒಂದು ದಿನವೂ ತಪ್ಪಿರಲಿಲ್ಲ. ಭಾನುವಾರ ಮಕ್ಕಳಿಗೆ ಕ್ಷಮೆಯ ಪಾಠವನ್ನೂ ನಾನೇ ಹೇಳುತ್ತಿದ್ದೆ! ಒಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಒಂಬತ್ತು ವರ್ಷದ ನನ್ನ ಮಗಳು ಆಶೀರ್ವಾದಕ್ಕೆ ಬಂದವಳು, "ಅಪ್ಪಾ, ಪರಲೋಕ ಮಂತ್ರದಲ್ಲಿ ಕ್ಷಮಿಸುವ ಮಾತು ಬಂದಾಗ ನಿಮಗೆ ದೊಡ್ಡಪ್ಪನ ನೆನಪಾಗುವುದಿಲ್ಲವೇ?" ಎಂದು ಕೇಳಿದಳು. ಅವಳ ತಲೆಯ ಮೇಲೆ ಇಟ್ಟ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಆಶೀರ್ವದಿಸುವ ಯೋಗ್ಯತೆ ಆ ಕೈಗಿದೆಯೆಂದು ನನಗೆ ತೋರಲಿಲ್ಲ.

ಕೂಡಲೇ ಹೋದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ವಾರ ಅಭಿಮಾನವು ತಡೆಯಿತು. ಸೆಪ್ಟೆಂಬರ್ 8, ಮರಿಯಮ್ಮನವರ ಜನನದ ಹಬ್ಬ ಬಂತು. ಆ ದಿನ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಡುವ ಹೊಸ ತೆನೆಯನ್ನು ಮನೆಗೆ ತಂದು, ಕಾಳನ್ನು ಹಾಲಿನಲ್ಲಿ ಬೆರೆಸಿ ಮನೆಯವರೆಲ್ಲರೂ ಸೇರಿ ಉಣ್ಣುವುದು ನಮ್ಮ ವಾಡಿಕೆ. ದೂರದಲ್ಲಿರುವ ಮಕ್ಕಳಿಗೆ ಆ ಕಾಳನ್ನು ಅಂಚೆಯಲ್ಲಿ ಕಳುಹಿಸುವುದೂ ಉಂಟು. ಸಾವಿರಾರು ಮೈಲು ದೂರದಲ್ಲಿರುವವರಿಗೆ ಕಳುಹಿಸುವ ತೆನೆಯನ್ನು ಗುಡ್ಡದ ಆಚೆಗಿರುವ ಅಣ್ಣನಿಗೆ ಕೊಡದಿರುವುದು ಹೇಗೆ? ಮಗಳ ಕೈಹಿಡಿದು ಅವನ ಅಂಗಳಕ್ಕೆ ಹೋಗಿ ನಿಂತೆ. ಬಾಯಿಂದ ಮಾತು ಹೊರಡಲಿಲ್ಲ. ಅಣ್ಣನು ತೆನೆಯನ್ನು ನೋಡಿದನು, ನನ್ನನ್ನು ನೋಡಿದನು. "ಕೈಕಾಲು ತೊಳೆದುಕೊಂಡು ಬಾ, ಊಟಕ್ಕೆ ಹೊತ್ತಾಯಿತು" ಎಂದಷ್ಟೇ ಹೇಳಿದನು. ಆ ವರ್ಷ ಮಳೆ ನಿಂತ ಮೇಲೆ ಇಬ್ಬರೂ ಕೂಡಿಯೇ ಸುರಂಗದ ಹೂಳೆತ್ತಿಸಿದೆವು. ಅವನು ಬಹಳ ಕಾಲ ಬದುಕಲಿಲ್ಲ. ಕಳೆದುಹೋದ ಆ ಏಳು ವರ್ಷಗಳನ್ನು ನನಗೆ ಮರಳಿ ಕೊಡುವವರಿಲ್ಲ.

ಹೆತ್ತವರೇ, ಇದನ್ನು ಹೇಳಿದುದು ಜಪಸರ ವ್ಯರ್ಥವೆಂದು ತೋರಿಸುವುದಕ್ಕಲ್ಲ. ಜಪಸರವೇ ಇಲ್ಲದಿದ್ದರೆ ಮಗಳು ಆ ಪ್ರಶ್ನೆಯನ್ನು ಎಲ್ಲಿ ಕೇಳುತ್ತಿದ್ದಳು? ಆದರೆ ಮಕ್ಕಳು ನಮ್ಮ ಪ್ರಾರ್ಥನೆಯನ್ನು ಕೇಳುತ್ತಾರೆ, ನಮ್ಮ ನಡತೆಯನ್ನು ನೋಡುತ್ತಾರೆ. ಎರಡೂ ಹೊಂದದಿದ್ದರೆ ನಡತೆಯನ್ನೇ ನಂಬುತ್ತಾರೆ. ಬಲಿಪೀಠಕ್ಕೆ ಕಾಣಿಕೆ ತರುವವನು ಮೊದಲು ಸೋದರನೊಡನೆ ಸಮಾಧಾನವಾಗಬೇಕೆಂದು ಪ್ರಭುವೇ ಬೋಧಿಸಿದ್ದಾನಲ್ಲವೆ?

ಈ ಕನ್ನಡ ಶಾಲೆಯ ಕೂಟದಲ್ಲಿ ಭಾಷೆಯ ಮಾತನ್ನೂ ಹೇಳಬೇಕು. ನಮ್ಮ ತಾಲೂಕುಗಳು 1956ರಲ್ಲಿ ಕೇರಳಕ್ಕೆ ಸೇರಿದವು. ಇಲ್ಲಿಯ ಕಥೊಲಿಕ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಜನರು ತಮಗೆ ತಿಳಿಯುವ ಮಾತಿನಲ್ಲಿ ಪೂಜೆಯಲ್ಲಿ ಪಾಲ್ಗೊಳ್ಳಲೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದಾರಿ ತೆರೆಯಿತು. ಈ ಕರಾವಳಿಯ ಕಥೊಲಿಕರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ 'ರಾಕ್ಣೊ' ವಾರಪತ್ರಿಕೆಯೂ ಅದೇ ಲಿಪಿಯದು. ಹಾಗಿರುವಾಗ ಕನ್ನಡ ಅಕ್ಷರವನ್ನು ಕಲಿಯದ ಮಗುವು ತನ್ನ ಅಜ್ಜಿಯ ಪ್ರಾರ್ಥನಾ ಪುಸ್ತಕವನ್ನು ತೆರೆದರೂ ಓದಲಾರದು. ಈ ಶಾಲೆಯಲ್ಲಿ ಕಲಿಸುವ ಅಕ್ಷರಮಾಲೆಯು ಅನೇಕ ಮನೆಗಳಲ್ಲಿ ದೇವರ ಪೀಠದವರೆಗೂ ಹೋಗುತ್ತದೆಯೆಂಬುದನ್ನು ಸಂಘದ ಹಿರಿಯರು ಮರೆಯದಿರಲಿ.

ಕೊನೆಯದಾಗಿ ಆ ತಾಯಿಯ ಪ್ರಶ್ನೆಗೆ. ಬಹುಶಃ ನಾವು ಹುಡುಗನಿಗೆ ಮಂತ್ರಗಳನ್ನು ಕಲಿಸಿದೆವು, ಬಹುಮಾನ ಕೊಟ್ಟೆವು. ಒಬ್ಬನೇ ಇರುವಾಗ ಪ್ರಾರ್ಥಿಸುವ ರೂಢಿಯನ್ನು ಕಲಿಸಲಿಲ್ಲ. ಇದರಲ್ಲಿ ನಿಮಗಿಂತ ಮಾಸ್ತರನಾದ ನನ್ನ ಪಾಲು ಹೆಚ್ಚು. ಆದರೆ ಬಾಗಿಲು ಮುಚ್ಚಿಲ್ಲ. ಸಂತ ಮೋನಿಕಮ್ಮನವರು ದಾರಿ ತಪ್ಪಿದ ಮಗನಿಗಾಗಿ ಅನೇಕ ವರ್ಷ ಕಣ್ಣೀರಿಟ್ಟು ಪ್ರಾರ್ಥಿಸಿದರು; ಆ ಮಗ ಅಗಸ್ಟೀನನು 387ರ ಪಾಸ್ಖ ಹಬ್ಬದಲ್ಲಿ ಮಿಲಾನಿನಲ್ಲಿ ಸ್ನಾನದೀಕ್ಷೆ ಪಡೆದನು. ಅಮ್ಮಾ, ಮಗನಿಗೆ ಬುದ್ಧಿ ಹೇಳುವ ಕರೆಗಳನ್ನು ಕಡಿಮೆ ಮಾಡಿರಿ. ಸಂಜೆಯ ತೆರ್ಸಿಗೆ ಅವನ ಹೆಸರನ್ನು ಸೇರಿಸಿರಿ. ಬರುವ ಹಬ್ಬಕ್ಕೆ ನಾಲ್ಕು ಕಾಳು ಹೊಸ ತೆನೆಯನ್ನು ಅವನಿಗೆ ಕಳುಹಿಸಿರಿ. ಮನೆಯ ಸುರಂಗದ ನೀರು ಬತ್ತಿಲ್ಲವೆಂದು ಅದರಿಂದ ಅವನಿಗೆ ತಿಳಿಯುವುದು.

ಪ್ರೀತಿಯ ವಿದ್ಯಾರ್ಥಿಗಳೇ, ನಾನು ಹೇಳಿದವೆಲ್ಲವನ್ನೂ ನಾಳೆಯೇ ಪ್ರಾರಂಭಿಸಬೇಡಿರಿ. ಹಾಗೆ ಮಾಡಿದವರು ಮುಂದಿನ ವಾರಕ್ಕೆ ಎಲ್ಲವನ್ನೂ ಬಿಡುತ್ತಾರೆ. ಒಂದನ್ನು ಆರಿಸಿಕೊಂಡು ಮುಂದಿನ ವಾರ್ಷಿಕ ಕೂಟದ ವರೆಗೆ ಬಿಡದೆ ನಡೆಸಿರಿ. ಎಂದಾದರೂ ತಪ್ಪಿದರೆ ಮರುದಿನ ಪುನಃ ಹಿಡಿಯಿರಿ. ನಾನೂ ನಿಮ್ಮೊಡನೆ ಒಂದನ್ನು ಹಿಡಿಯುತ್ತೇನೆ: ರಾತ್ರಿ ಮಲಗುವ ಮೊದಲು, ಇಂದು ಯಾರೊಡನಾದರೂ ಮಾತು ಬಿಟ್ಟಿರುವೆನೇ ಎಂದು ಕೇಳಿಕೊಳ್ಳುವುದನ್ನು.

 ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.